ಬಿಡದಿಗೆ ಹೊರಟ ಕೂಸು

ಬೇಸಿಗೆ ರಜೆ ಬಂತೆಂದರೆ ವೈ.ಎನ್.ಹೊಸಕೋಟೆಯ ಮಕ್ಕಳಿಗೂ ವಂಡರ್‌ಲಾ ಜಪ. 2005ರಲ್ಲಿ ಬಿಡದಿಯಲ್ಲಿ ಶುರುವಾದ ಆ ಪಾರ್ಕಿಗೆ ನಮ್ಮೂರಿಂದ ಪಾವಗಡ, ಮಧುಗಿರಿ ದಾಟಿ, ಬೆಂಗಳೂರನ್ನೂ ದಾಟಿ ಹೋಗಬೇಕು. ಮನೆಯಲ್ಲಿ ನಾಲ್ಕು ತಿಂಗಳ ಕೂಸಿದ್ದರೆ? "ಅಜ್ಜಿ ಹತ್ರ ಬಿಟ್ಟು ಹೋಗೋಣ" ಅನ್ನುತ್ತೀರಿ, ಅಲ್ಲವೇ ಮಕ್ಕಳೇ? ಎರಡು–ಮೂರು ಗಂಟೆಗೊಮ್ಮೆ ಹಾಲು ಕುಡಿಯುವ ಕೂಸು ಅಮ್ಮನನ್ನು ಬಿಟ್ಟು ಹೇಗಿದ್ದೀತು? ಅದೂ ಬರಲಿ, ಅಜ್ಜಿಯೂ ಬರಲಿ.

ಅಲ್ಲಿ ಎತ್ತರ ಅಳೆದು ಆಟಕ್ಕೆ ಬಿಡುತ್ತಾರೆ. ಎರಡಡಿಯ ಕೂಸಿಗೆ ಆಟವೂ ಬೇಡ, ಕ್ಲೋರಿನ್ ನೀರಿನ ಕೊಳವೂ ಬೇಡ. ಮಗ್ಗದ ಸದ್ದಿಗೆ ನಿದ್ದೆ ಹೋಗುವ ನಮ್ಮೂರ ಕೂಸೂ ಅಲ್ಲಿನ ಕಿರುಚಾಟಕ್ಕೆ ಬೆಚ್ಚೀತು. ಗದ್ದಲವಿಲ್ಲದ ನೆರಳು ಹುಡುಕಿ.

ಅಜ್ಜಿಯಂದಿರೇ, ಕುಲಾವಿ, ಸ್ವೆಟರ್ ಊರಲ್ಲೇ ಇರಲಿ. ತೆಳುವಾದ ಹತ್ತಿಬಟ್ಟೆ ಸಾಕು. ಬಿಸಿಲೆಂದು ಮುಖಕ್ಕೆ ಟವೆಲ್ ಮುಚ್ಚಿದರೆ ಒಳಗೆ ಸೆಕೆ ಇನ್ನೂ ಹೆಚ್ಚುತ್ತದೆ. ಬಾಯಾರಿತೆಂದು ಒಂದು ಚಮಚ ನೀರೂ ಬೇಡ. ಆರು ತಿಂಗಳು ತುಂಬುವವರೆಗೆ ತಾಯಿಹಾಲೇ ಅನ್ನ, ಅದೇ ನೀರು. ಸೆಕೆಯಿದ್ದರೆ ಒಂದೆರಡು ಸಲ ಹೆಚ್ಚು ಕುಡಿಸಿ. ಧಾರಾಳವಾಗಿ ನೀರು ಕುಡಿಯಬೇಕಾದವಳು ಅಮ್ಮ. ಕೂಸು ಮಂಕಾದರೆ, ಮೈ ಸುಟ್ಟರೆ, ಹಾಲು ಒಲ್ಲೆನೆಂದರೆ, ಆರು ಗಂಟೆಯಾದರೂ ಬಟ್ಟೆ ಒದ್ದೆಯಾಗದಿದ್ದರೆ ಆಟ ಅಲ್ಲಿಗೇ ಬಿಟ್ಟು ಡಾಕ್ಟರ ಹತ್ತಿರ ಓಡಿ.

ನನ್ನನ್ನು ಕೇಳಿದರೆ ದಸರಾ ರಜೆಯೇ ಮೇಲು. ಬಿಸಿಲಿನ ಕಾವು ಇಳಿದಿರುತ್ತದೆ, ಕೂಸೂ ಕೂರುವಷ್ಟಾಗಿರುತ್ತದೆ. ಈಗಲೇ ಹೋಗಬೇಕೆಂದು ಹಟ ಹಿಡಿದಿದ್ದರೆ ಮಕ್ಕಳೇ, ಎರಡು ಆಟ ಆಡಿದ ಮೇಲೆ ಅಜ್ಜಿಯ ಪಕ್ಕ ಕೂತು ಕೂಸಿಗೆ ಬೀಸಣಿಗೆ ಬೀಸಿ. ಅಷ್ಟರಲ್ಲಿ ಅಮ್ಮನೂ ಒಂದು ಸಲ ಜಾರುಬಂಡೆ ಹತ್ತಿ ಬರಲಿ.