ಲ್ಯಾಪ್‌ಟಾಪ್ ಕೆಲಸಕ್ಕೂ ಒಂದು ದರ ಬೇಡವೇ?

ನಮ್ಮ ಉಮ್ಮಂದಿರು ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ ಸಾವಿರ ಬೀಡಿಗೆ ಎಷ್ಟು ಎಂಬುದು ಮನೆಯ ಮಕ್ಕಳಿಗೂ ಬಾಯಿಪಾಠವಿತ್ತು. ಎಲೆ ಎಷ್ಟು ಕೊಟ್ಟರು, ತಂಬಾಕು ಎಷ್ಟು ಕೊಟ್ಟರು, ಸರಿಯಿಲ್ಲ ಎಂದು ಎಷ್ಟು ಬೀಡಿ ತೆಗೆದಿಟ್ಟರು, ಎಲ್ಲವೂ ಪಾಸ್‌ಬುಕ್ಕಿನಲ್ಲಿ. ಓದು ಬಾರದ ಉಮ್ಮ ಕೂಡ ಅದನ್ನು ಯಾರ ಕೈಯಲ್ಲಾದರೂ ಓದಿಸಿಕೊಳ್ಳುತ್ತಿದ್ದರು. ಈಗ ಅದೇ ಚಾವಡಿಯಲ್ಲಿ ಕುಳಿತು ಮೊಮ್ಮಗಳು ಯಾರದೋ ಬಟ್ಟೆಯಂಗಡಿಗೆ ವೆಬ್‌ಸೈಟ್ ಮಾಡುತ್ತಿದ್ದಾಳೆ. ಎಷ್ಟು ಸಿಗುತ್ತದೆ ಎಂದು ಕೇಳಿದರೆ, "ಅವರು ಏನಾದರೂ ಕೊಡ್ತಾರೆ" ಎನ್ನುತ್ತಾಳೆ.

ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಬಂದರಿನಲ್ಲಿ ಬಂಗುಡೆ ಬುಟ್ಟಿಗೆ ದರ ಕಟ್ಟಲು ನಮಗೆ ಅರ್ಧ ನಿಮಿಷ ಸಾಕು. ಆದರೆ ಕಣ್ಣಿಗೆ ಕಾಣದ, ತೂಕಕ್ಕೆ ಸಿಗದ ಕೆಲಸಕ್ಕೆ ದರ ಹೇಳುವಾಗ ನಾಲಗೆ ಏಳುವುದಿಲ್ಲ. ಕೇಳುವವರೂ ನಮ್ಮವರೇ: ಮಾವ, ನೆರೆಮನೆಯವರು, ಜುಬೈಲಿನಲ್ಲಿರುವ ಚಿಕ್ಕಪ್ಪನ ಗೆಳೆಯ. "ನೀನು ಮಾಡಿ ಕೊಡು, ರಜೆಗೆ ಬಂದಾಗ ನೋಡುವ" ಎನ್ನುತ್ತಾರೆ. ರಜೆಗೆ ಬರುತ್ತಾರೆ, ಒಂದು ಪರ್ಫ್ಯೂಮ್ ಕೊಡುತ್ತಾರೆ, ಹೋಗುತ್ತಾರೆ.

ಒಮ್ಮೆ ಕುಳಿತು ಲೆಕ್ಕ ಹಾಕೋಣ. ತಿಂಗಳಿಗೆ 30,000 ರೂಪಾಯಿ ದುಡಿಯಬೇಕು ಎಂದಿಟ್ಟುಕೊಳ್ಳಿ. ಇಂಟರ್ನೆಟ್, ಕರೆಂಟು, ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾದ ಲ್ಯಾಪ್‌ಟಾಪಿನ ತಿಂಗಳ ಪಾಲು ಎಂದು 5,000 ಸೇರಿಸಿ. ದಿನಕ್ಕೆ 8 ಗಂಟೆಯಂತೆ 25 ದಿನ ಕುಳಿತರೆ 200 ಗಂಟೆ. ಆದರೆ ಅದರಲ್ಲಿ ಅರ್ಧ ಫೋನಿನಲ್ಲಿ ಮಾತಾಡುವುದಕ್ಕೆ, ಹೊಸದು ಕಲಿಯುವುದಕ್ಕೆ, ಗಿರಾಕಿ ಹುಡುಕುವುದಕ್ಕೇ ಹೋಗುತ್ತದೆ. ದುಡ್ಡು ಸಿಗುವ ಗಂಟೆ 100 ಮಾತ್ರ. ಅಂದರೆ ಗಂಟೆಗೆ 350 ರೂಪಾಯಿ. ಒಂದು ಸಣ್ಣ ಅಂಗಡಿಯ ಸೈಟಿಗೆ 40 ಗಂಟೆ ಹಿಡಿದರೆ 14,000 ಆಯಿತು. ನಮ್ಮ ಹುಡುಗರು ಇದನ್ನು 5,000ಕ್ಕೆ ಮಾಡಿಕೊಟ್ಟರೆ ಗಂಟೆಗೆ 125 ಬಿತ್ತು. ಆ ದರಕ್ಕೆ ಅಡಿಕೆ ಮರ ಹತ್ತಲಿಕ್ಕೆ ಯಾರಾದರೂ ಬರ್ತಾರಾ ಮಾರಾಯ್ರೆ?

"ಬೆಂಗಳೂರಿನಲ್ಲಿ ಮೂರು ಸಾವಿರಕ್ಕೆ ಮಾಡ್ತಾರಂತೆ" ಎನ್ನುವವರು ಇದ್ದಾರೆ. ಅದು ಸಿದ್ಧ ಅಚ್ಚಿಗೆ ನಿಮ್ಮ ಹೆಸರು ಅಂಟಿಸಿದ ಸೈಟು. ಅಷ್ಟೇ ಸಾಕಾದರೆ ಅಲ್ಲೇ ಮಾಡಿಸಿ, ತಪ್ಪಿಲ್ಲ. ಆದರೆ ಅಂಗಡಿಯ ಸ್ಟಾಕು, ಬಿಲ್ಲು, ಸಾಲದ ಲೆಕ್ಕ ಎಲ್ಲ ಸೇರಿಸಿದ ಸಾಫ್ಟ್‌ವೇರ್ ಬೇಕೆಂದರೆ ಅದು ಬೇರೆ ಮಾತು. ಅಂಥ ಕೆಲಸಕ್ಕೆ ಮೊದಲೇ ಒಟ್ಟು ಮೊತ್ತ ಹೇಳುವ ಹುಡುಗ ಖಂಡಿತ ಸೋಲುತ್ತಾನೆ. ಯಾಕೆಂದರೆ ಏನು ಬೇಕು ಎಂಬುದು ಗಿರಾಕಿಗೇ ಅರ್ಧ ಕೆಲಸ ಮುಗಿದ ಮೇಲೆ ತಿಳಿಯುವುದು. ಅಲ್ಲಿ ಗಂಟೆ ಲೆಕ್ಕವೇ ಸರಿ. ಇಲ್ಲದಿದ್ದರೆ ಹಂತ ಹಂತಕ್ಕೆ ದರ ಹೇಳಿ, ಒಂದು ಹಂತದ ಹಣ ಬಂದ ಮೇಲೆ ಮುಂದಿನದಕ್ಕೆ ಕೈ ಹಾಕಬೇಕು. ಫೈವರ್‌ನಲ್ಲಿ ವಿದೇಶದ ಕೆಲಸ ಹಿಡಿಯುವವರೂ ಒಂದು ನೆನಪಿಟ್ಟುಕೊಳ್ಳಿ: 100 ಡಾಲರ್ ಎಂದು ಕಂಡರೂ ಅವರು 20 ಇಟ್ಟುಕೊಂಡೇ ಕೊಡುವುದು.

ನಮಗೆ ಹೆಚ್ಚು ಬೇಸರ ತರಿಸುವುದು ಮನೆಯಲ್ಲಿರುವ ಹೆಣ್ಣುಮಕ್ಕಳ ವಿಷಯ. ಬಿಸಿಎ ಮುಗಿಸಿ, ಮದುವೆಯಾಗಿ, ಮಗುವನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆಯುವವರು ನಮ್ಮ ಕುಟುಂಬಗಳಲ್ಲಿ ಈಗ ಕಡಿಮೆ ಏನಲ್ಲ. "ಹೇಗೂ ಮನೆಯಲ್ಲೇ ಇದ್ದಾಳಲ್ಲ" ಎಂಬ ಒಂದು ಮಾತಿನಲ್ಲಿ ಅವರ ಅರ್ಧ ಸಂಬಳ ಕರಗುತ್ತದೆ. ಅವರ ಅಜ್ಜಿಯೂ ಮನೆಯಲ್ಲೇ ಇದ್ದು ಬೀಡಿ ಕಟ್ಟಿದ್ದು. ಆದರೆ ಅಜ್ಜಿಗೆ 1966ರ ಬೀಡಿ ಕಾರ್ಮಿಕರ ಕಾಯ್ದೆ ಇತ್ತು, ಸರಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಇತ್ತು. ಅದನ್ನು ಪೂರ್ತಿ ಕೊಟ್ಟರೋ ಇಲ್ಲವೋ ಬೇರೆ ಪ್ರಶ್ನೆ, ಕೇಳಲಿಕ್ಕೆ ಒಂದು ಲೆಕ್ಕವಾದರೂ ಇತ್ತು. ಮೊಮ್ಮಗಳಿಗೆ ಅದೂ ಇಲ್ಲ. ಅವಳ ಪಾಸ್‌ಬುಕ್ಕನ್ನು ಅವಳೇ ಬರೆಯಬೇಕು: ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಯಾವ ದಿನಕ್ಕೆ ಮುಗಿಸುವುದು, ಡೊಮೈನ್ ಮತ್ತು ಹೋಸ್ಟಿಂಗ್ ಖರ್ಚು ಯಾರದು, ಆಮೇಲಿನ ದುರಸ್ತಿಗೆ ವರ್ಷಕ್ಕೆ ಎಷ್ಟು. ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿ "ಒಪ್ಪಿಗೆ" ಎಂದು ಉತ್ತರ ತರಿಸಿಕೊಂಡರೂ ಸಾಕು. ಅರ್ಧ ಹಣ ಮೊದಲೇ. ಡೊಮೈನ್ ಮಾತ್ರ ಗಿರಾಕಿಯ ಹೆಸರಿನಲ್ಲೇ ಇರಲಿ. ಅದನ್ನು ಹಿಡಿದಿಟ್ಟುಕೊಂಡು ದುಡ್ಡು ವಸೂಲಿ ಮಾಡುವುದು ಮರ್ಯಾದೆಯ ವ್ಯಾಪಾರ ಅಲ್ಲ.

ಮಸೀದಿಗೋ ಮದ್ರಸಕ್ಕೋ ಉಚಿತವಾಗಿ ಮಾಡುವವರು ಖಂಡಿತ ಮಾಡಲಿ. ಆದರೆ ಬಿಲ್ಲಿನಲ್ಲಿ 14,000 ಎಂದು ಬರೆದು, ಕೆಳಗೆ "ಪೂರ್ತಿ ರಿಯಾಯಿತಿ" ಎಂದು ಹಾಕಿ ಕೊಡಲಿ. ಕೊಟ್ಟದ್ದು ಎಷ್ಟು ಎಂದು ಕಮಿಟಿಯವರಿಗೂ ತಿಳಿಯುತ್ತದೆ. ಬಟ್ಟೆಯಂಗಡಿಯ ಮಾವ ಕಮಿಟಿಯಲ್ಲಿದ್ದಾರೆ ಎಂಬ ಕಾರಣಕ್ಕೆ ಅವರ ಅಂಗಡಿ ಮದ್ರಸ ಆಗುವುದಿಲ್ಲ.

ನಮ್ಮ ಪರಿಚಯದ ಒಬ್ಬಳು ಹುಡುಗಿ ಕಳೆದ ರಂಝಾನಿಗೆ ಮುಂಚೆ ಧೈರ್ಯ ಮಾಡಿ ಸ್ವಂತ ಮಾವನಿಗೇ ಹೀಗೆ ಬರೆದು ಕಳುಹಿಸಿದಳು. ಮಾವ ಎರಡು ದಿನ ಉತ್ತರ ಕೊಡಲಿಲ್ಲ. ಮನೆಯಲ್ಲಿ ಉಮ್ಮನಿಗೆ ನಿದ್ದೆ ಇಲ್ಲ, ಸಂಬಂಧ ಕೆಟ್ಟಿತೋ ಏನೋ ಎಂದು. ಮೂರನೇ ದಿನ ಫೋನು ಬಂತು. "ಹದಿನಾಲ್ಕು ಆಗುವುದಿಲ್ಲ, ಹನ್ನೆರಡಕ್ಕೆ ಮಾಡು" ಎಂದರು. ಮೀನಿನಂಗಡಿಯಲ್ಲಿ ಮಾತಾಡಿದ ಹಾಗೆಯೇ. ಅವಳು ಹನ್ನೆರಡೂವರೆಗೆ ಒಪ್ಪಿದಳು, ಅರ್ಧ ಹಣ ಅಂದೇ ಸಂಜೆ ಖಾತೆಗೆ ಬಂತು.