ಒತ್ತಡ ಯಾರ ರೋಗ?

ಕಳೆದ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ಸಂಘದ ಸಭಾಗೃಹದಲ್ಲಿ ಮಾನಸಿಕ ಒತ್ತಡವನ್ನು ಕುರಿತು ಉಪನ್ಯಾಸವೊಂದನ್ನು ಏರ್ಪಡಿಸಿದ್ದೆವು. ವೈದ್ಯರು ಸೊಗಸಾಗಿ ಮಾತನಾಡಿದರು. ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ಕಂಪೆನಿಗಳ ಮ್ಯಾನೇಜರರೂ ಪ್ರಶ್ನೆ ಕೇಳಿದರು. ಕೊನೆಗೆ ಎಲ್ಲರೂ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತೆವು. ಕಾಫಿ ತಂದಿದ್ದ ಹೊಟೇಲಿನ ಹುಡುಗ, ಕುಂದಾಪುರದ ಕಡೆಯವನು, ಬಾಗಿಲ ಬಳಿ ನಿಂತೇ ಅರ್ಧ ಭಾಷಣ ಕೇಳಿದ್ದ. ಲೋಟಗಳನ್ನು ಎತ್ತಿಕೊಳ್ಳುತ್ತ ನನ್ನನ್ನು ಕೇಳಿದ: "ಬೆಳಿಗ್ಗೆ ಐದಕ್ಕೆ ಏಳ್ಬೇಕು ಸರ್. ರಾತ್ರಿ ಹನ್ನೆರಡಕ್ಕೆ ಮಲಗಿದ್ರೂ ಎದೆ ಡಬಡಬ ಅಂತದೆ. ಇದೂ ಅದೇನಾ?"

ಅದೇ ಎಂದು ನಾನು ಹೇಳಬೇಕಾಗಿತ್ತು. ವೈದ್ಯರನ್ನು ಕೇಳೋಣ ಎಂದು ಜಾರಿಕೊಂಡೆ.

ಅಪಾಯ ಎದುರಾದಾಗ ದೇಹವು ಹೋರಾಟಕ್ಕೋ ಪಲಾಯನಕ್ಕೋ ಸಜ್ಜಾಗುವ ಬಗೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿಯೇ ವಿವರಿಸಿದ್ದ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತ ಸ್ನಾಯುಗಳತ್ತ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅದರ ಬೆನ್ನಿಗೇ ಮೆದುಳಿನ ಆಜ್ಞೆಯಂತೆ ಕಾರ್ಟಿಸಾಲ್ ರಕ್ತಕ್ಕೆ ಸೇರಿ ಸಕ್ಕರೆಯ ಪ್ರಮಾಣವನ್ನು ಏರಿಸುತ್ತದೆ. ಹುಲಿ ಹೋದ ಮೇಲೆ ಇದೆಲ್ಲ ಇಳಿಯಬೇಕು. ಹುಲಿ ಹೋಗದೇ ಇದ್ದರೆ? 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದು ಇದನ್ನೇ: ಪೀಡೆ ಯಾವುದೇ ಇರಲಿ, ಅದು ಎಡೆಬಿಡದೆ ಮುಂದುವರಿದರೆ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತದೆ, ಥೈಮಸ್ ಕುಗ್ಗುತ್ತದೆ, ಕೊನೆಗೆ ದೇಹ ಸೋಲುತ್ತದೆ. (ಇದೇ ಸೆಲ್ಯೆ ಮುಂದೆ ತಂಬಾಕು ಉದ್ಯಮದ ಹಣ ಪಡೆದದ್ದೂ ಈಗ ದಾಖಲಾಗಿರುವ ಸಂಗತಿ. ರೋಗಕ್ಕೆ ಸಿಗರೇಟಿಗಿಂತ ಒತ್ತಡವೇ ಕಾರಣವೆಂಬ ಮಾತು ಯಾರಿಗೆ ಅನುಕೂಲವಾಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.)

ಆದರೆ ನಮ್ಮ ಸಭೆಯಲ್ಲಿ ಯಾರೂ ಎತ್ತದ ಪ್ರಶ್ನೆಗೆ ಉತ್ತರ ದೊರೆತದ್ದು ಲಂಡನ್ನಿನ ಸರಕಾರಿ ಕಚೇರಿಗಳಲ್ಲಿ. 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವು ಸುಮಾರು 18,000 ಪುರುಷ ನೌಕರರನ್ನು ಗಮನಿಸಿತು. ಹೊಣೆ ಹೊತ್ತ ಮೇಲಧಿಕಾರಿಯ ಹೃದಯವೇ ಮೊದಲು ಕೈಕೊಡುವುದೆಂಬುದು ಎಲ್ಲರ ನಂಬಿಕೆಯಾಗಿತ್ತು. ಕಂಡದ್ದು ತಿರುವುಮುರುವು: ಹೃದ್ರೋಗದ ಸಾವು ಕೆಳದರ್ಜೆಯವರಲ್ಲಿ ಮೇಲ್ದರ್ಜೆಯವರಿಗಿಂತ ಮೂರು ಪಟ್ಟಿಗೂ ಮಿಗಿಲಾಗಿತ್ತು. ಧೂಮಪಾನ, ರಕ್ತದೊತ್ತಡಗಳು ಈ ಅಂತರದ ಒಂದು ಭಾಗವನ್ನಷ್ಟೇ ವಿವರಿಸಬಲ್ಲವಾಗಿದ್ದವು. ಮೈಕೆಲ್ ಮಾರ್ಮೊಟ್ ಅವರ ನೇತೃತ್ವದಲ್ಲಿ 1985ರಲ್ಲಿ ಮಹಿಳೆಯರನ್ನೂ ಒಳಗೊಂಡು ತೊಡಗಿದ ಎರಡನೆಯ ಅಧ್ಯಯನವು ಇನ್ನೊಂದು ಎಳೆಯನ್ನು ಹಿಡಿಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನಿಗೆ ಹೃದ್ರೋಗದ ಅಪಾಯ ಹೆಚ್ಚು.

ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು, ಊರಿಗೆ ಯಾವಾಗ ಹೋಗಬೇಕು ಎಂಬುದಾವುದೂ ಆ ಹುಡುಗನ ಕೈಯಲ್ಲಿಲ್ಲ. ಅವನಿಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತುಕೋ ಎನ್ನುವುದು ಸುಲಭ. ಅವನ ಧಣಿಗೆ ವಾರಕ್ಕೊಂದು ಪೂರ್ತಿ ರಜೆ ಕೊಡಿ ಎನ್ನುವುದು ಕಷ್ಟ, ಏಕೆಂದರೆ ಧಣಿಯೂ ನಮ್ಮವರೇ, ಅನೇಕ ವೇಳೆ ನಮ್ಮ ಸಂಘಗಳ ಪೋಷಕರೇ. ಈ ಸಂಕೋಚ ನನಗೂ ಇದೆ. ಆದರೂ ಬರೆಯುತ್ತಿದ್ದೇನೆ.

ಹಿಂದೆ ಮುಂಬಯಿಯಲ್ಲಿ ಹಗಲೆಲ್ಲ ಹೊಟೇಲಿನಲ್ಲಿ ದುಡಿದವರಿಗೆ ಕನ್ನಡ ರಾತ್ರಿಶಾಲೆಗಳಿದ್ದವು. ಅಲ್ಲಿ ಅಕ್ಷರದ ಜತೆಗೆ ತನ್ನ ಭಾಷೆಯಲ್ಲಿ ಕಷ್ಟ ಹೇಳಿಕೊಳ್ಳುವ ಒಂದು ಗಂಟೆಯೂ ಸಿಗುತ್ತಿತ್ತು. ಅವುಗಳಲ್ಲಿ ಅನೇಕವು ಮುಚ್ಚಿಹೋದವು. ನಿದ್ದೆ ಬಾರದ ಸಂಕಟವನ್ನು ಕಲಿತ ಹಿಂದಿಯಲ್ಲಿ ವೈದ್ಯರಿಗೆ ವಿವರಿಸುವುದು ಎಷ್ಟು ದುಸ್ತರವೆಂದು ಹೊರನಾಡಿನಲ್ಲಿ ನೆಲಸಿದ ನಾವೆಲ್ಲ ಬಲ್ಲೆವು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಈ ಸಂಖ್ಯೆಯನ್ನು ಹೊಟೇಲುಗಳ ಅಡುಗೆಮನೆಯ ಗೋಡೆಗೆ ಅಂಟಿಸುವ ಕೆಲಸವನ್ನು ನಮ್ಮ ಸದಸ್ಯರು ಮಾಡಬಲ್ಲರು.

ಇನ್ನೊಂದು ಮಾತು. ಉಪನ್ಯಾಸವನ್ನು ನಾವು ಇಟ್ಟುಕೊಂಡದ್ದು ಭಾನುವಾರ ಸಂಜೆ ಆರಕ್ಕೆ, ಹೊಟೇಲುಗಳಲ್ಲಿ ಗಿರಾಕಿಗಳು ಕಿಕ್ಕಿರಿದಿರುವ ಹೊತ್ತಿಗೆ. ವಾರದ ನಡುವೆ ಒಂದು ದಿನ, ಮಧ್ಯಾಹ್ನ ಮೂರರಿಂದ ಐದರವರೆಗೆ, ಊಟದ ಗದ್ದಲ ಮುಗಿದು ಸಂಜೆಯ ಚಹಾ ಆರಂಭವಾಗುವ ಮುನ್ನ, ಸಂಘದ ವಾಚನಾಲಯವನ್ನು ಇವರಿಗಾಗಿ ತೆರೆದಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಲಿದ್ದೇನೆ. ಆ ಎರಡು ಗಂಟೆ ಬಂದು ಕೂರಬಲ್ಲ ಕನ್ನಡ ಬಲ್ಲ ವೈದ್ಯರಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.