ಮೆಟ್ರೊ ಎಂಬ ಪದದೊಳಗೆ ರೈಲೇ ಇಲ್ಲ

ಕೋಲ್ಕತ್ತದಲ್ಲಿ 1984ರಲ್ಲಿ ಶುರುವಾದ ದೇಶದ ಮೊದಲ ಮೆಟ್ರೊ ಓಡಿದ್ದು ನೆಲದಡಿಯಲ್ಲಿ. ಬೆಂಗಳೂರಿನಲ್ಲಿ 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಹೊರಟ ಮೊದಲ ಮೆಟ್ರೊ ಓಡಿದ್ದು ಕಂಬಗಳ ಮೇಲೆ. ಇಲ್ಲಿ ಸುರಂಗ ಮಾರ್ಗ ತೆರೆದದ್ದು 2016ರಲ್ಲಿ. ಮೇಲೆ ಹೋದರೂ ಮೆಟ್ರೊ, ಕೆಳಗೆ ಹೋದರೂ ಮೆಟ್ರೊ. ಹಾಗಾದರೆ ಈ ಪದದ ಅರ್ಥವೇನು?

ಕಥೆ ಲಂಡನ್ನಿನಿಂದ ಶುರುವಾಗುತ್ತದೆ. ಅಲ್ಲಿ ರಸ್ತೆಯನ್ನೇ ಅಗೆದು, ಇಟ್ಟಿಗೆಯ ಕಮಾನು ಕಟ್ಟಿ, ಮತ್ತೆ ಮಣ್ಣು ಮುಚ್ಚಿ ಸುರಂಗ ಮಾಡಿದರು. ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗಿನ ಆ ಮಾರ್ಗ 1863ರ ಜನವರಿ 10ರಂದು ಜನರಿಗೆ ತೆರೆಯಿತು. ಗಾಡಿ ಎಳೆದದ್ದು ಉಗಿಬಂಡಿ. ಒಳಗೆ ಹೊಗೆ, ಗ್ಯಾಸ್ ದೀಪದ ಮಂದ ಬೆಳಕು. ಜಗತ್ತಿನ ಈ ಮೊದಲ ನೆಲದಡಿ ರೈಲು ನಡೆಸಿದ ಕಂಪನಿಯ ಹೆಸರು ಮೆಟ್ರೊಪಾಲಿಟನ್ ರೈಲ್ವೆ, ಅಂದರೆ ಮಹಾನಗರದ ರೈಲು. ಹೆಸರಿನಲ್ಲಿ ಸುರಂಗದ ಸುಳಿವೇ ಇರಲಿಲ್ಲ.

1900ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲೂ ಇಂಥ ರೈಲು ಬಂತು. ಆ ಕಂಪನಿಯ ಉದ್ದನೆಯ ಹೆಸರಿನಲ್ಲಿದ್ದ 'ಮೆಟ್ರೊಪಾಲಿಟೆನ್' ಎಂಬ ಪದವನ್ನು ಜನ ಮೊಟಕು ಮಾಡಿ 'ಮೆಟ್ರೊ' ಅಂದರು. ಲೋಕವೆಲ್ಲ ಸುತ್ತಿದ್ದು ಈ ಮೊಟಕು ರೂಪ. ಲಂಡನ್ನಿನವರ ಬಾಯಲ್ಲಿ ಮಾತ್ರ ಅದು 'ಅಂಡರ್‌ಗ್ರೌಂಡ್' ಇಲ್ಲವೇ 'ಟ್ಯೂಬ್'. ನ್ಯೂಯಾರ್ಕಿನವರಿಗೆ 'ಸಬ್‌ವೇ'. ನಮ್ಮಲ್ಲಿ ಸಬ್‌ವೇ ಎಂದರೆ ರಸ್ತೆಯಡಿ ನಡೆದು ದಾಟುವ ದಾರಿ. ಬ್ರಿಟಿಷರ ಬಳಕೆಯೂ ಅದೇ.

ಮೆಟ್ರೊಪಾಲಿಟನ್ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. 'ಮೇತೇರ್' ಎಂದರೆ ತಾಯಿ, 'ಪೋಲಿಸ್' ಎಂದರೆ ಊರು. ಕೊರಿಂತ್ ನಗರದವರು ಸಿಸಿಲಿ ದ್ವೀಪಕ್ಕೆ ಹೋಗಿ ಸಿರಾಕ್ಯೂಸ್ ಎಂಬ ಊರು ಕಟ್ಟಿದರು. ಸಿರಾಕ್ಯೂಸ್‌ಗೆ ಕೊರಿಂತ್ 'ಮೆಟ್ರೊಪೊಲಿಸ್', ಅಂದರೆ ತಾಯೂರು. ದೊಡ್ಡ ನಗರ, ರಾಜಧಾನಿ ಎಂಬ ಅರ್ಥಗಳು ಆಮೇಲೆ ಕೂಡಿಕೊಂಡವು. ಮೇತೇರ್ ಪದಕ್ಕೂ ನಾವು ಬಳಸುವ ಸಂಸ್ಕೃತದ 'ಮಾತೃ' ಪದಕ್ಕೂ ಮೂಲ ಒಂದೇ. ಪೋಲಿಸ್, 'ಪುರ' ಕೂಡ ನಂಟರೇ. ಅಳತೆಯ ಮೀಟರ್ ಮಾತ್ರ ಈ ಮನೆತನದ್ದಲ್ಲ. ಅದು ಅಳತೆ ಎಂಬರ್ಥದ 'ಮೆತ್ರೊನ್' ಎಂಬ ಬೇರೆಯೇ ಗ್ರೀಕ್ ಪದದಿಂದ ಬಂದದ್ದು.

ಹೀಗೆ ಮೊಟಕಾಗುವಾಗ ಊರೂ ಉದುರಿತು, ರೈಲೂ ಉದುರಿತು. ಉಳಿದದ್ದು ತಾಯಿ ಮಾತ್ರ. ಹಾಗಾಗಿ 'ಮೆಟ್ರೊ ರೈಲು' ಅಂದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತಲ್ಲ. ಯಾವ ಅಳುಕೂ ಇಲ್ಲದೆ ಹಾಗೆನ್ನಿ, ಅದು ಸರಿಯಾದ ಮಾತು.